ಬೆಂಕಿಯಿಲ್ಲದ ಕುಲುಮೆ

ಕಬ್ಬಿಣವನ್ನು ಕಾದಾಗಲೇ ಬಡಿಯಬೇಕೆಂಬುದು ಹಿರಿಯರ ಮಾತು. ಕಾಯಿಸದೆ ಬಡಿಯಬಹುದಾದ ಲೋಹವೊಂದು ಕಮ್ಮಾರಿಕೆಗೆ ಮೊದಲ ಪಾಠವಾದೀತೆಂದರೆ ಆ ಹಿರಿಯರು ನಕ್ಕಾರು. ಆದರೆ ಅಲ್ಯೂಮಿನಿಯಂ ನಮ್ಮ ದೇಶಕ್ಕೆ ಬಂದ ಬಗೆಯನ್ನು ಬಲ್ಲವರು ನಗಲಾರರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸೀಮೆಯಲ್ಲಿ ಕಮ್ಮಾರನು ಊರಿನ ಆಯಗಾರರಲ್ಲೊಬ್ಬ. ನೇಗಿಲ ಕುಳ, ಕುಂಟೆಯ ಕುಡ, ಕುಡುಗೋಲುಗಳನ್ನು ಅವನು ಹದಮಾಡಿಕೊಟ್ಟರೆ ರೈತನು ಸುಗ್ಗಿಯ ಕಣದಲ್ಲಿ ಅವನ ಪಾಲಿನ ಕಾಳನ್ನು ಅಳೆದು ಕೊಡುತ್ತಿದ್ದನು. ಆ ವಿದ್ಯೆಗೆ ಪುಸ್ತಕವಿರಲಿಲ್ಲ. ಹುಟ್ಟಿದ ಮನೆಯೇ ಪಾಠಶಾಲೆ. ಮಗನು ಮೊದಲು ತಿದಿಯೊತ್ತಿ, ಆಮೇಲೆ ದೊಡ್ಡ ಸುತ್ತಿಗೆ ಎತ್ತಿ, ಕಡೆಗೆ ತಂದೆಯ ಇಕ್ಕಳಕ್ಕೆ ಕೈಹಾಕುವನು. ಹೊರಗಿನವರಿಗೆ ಆ ಬಾಗಿಲು ತೆರೆಯುತ್ತಿದ್ದುದು ಅಪರೂಪ. ಟ್ರ್ಯಾಕ್ಟರು ಬಂದು ಮರದ ನೇಗಿಲು ಮೂಲೆ ಸೇರಿದ ಮೇಲೆ ಒಳಗಿನವರೂ ಹೊರನಡೆದರು.

ಇನ್ನು ಅಲ್ಯೂಮಿನಿಯಮ್ಮಿನ ಕಥೆ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಉಪಾಯ ಕಂಡುಕೊಂಡರು. ಅರಸರ ಮೇಜಿನ ಲೋಹ ಅಗ್ಗವಾಯಿತು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅವರು ಅದನ್ನು ನಮ್ಮ ಕುಶಲಕರ್ಮಿಗಳ ಸುತ್ತಿಗೆಗೆ ಒಪ್ಪಿಸಿದರು. ಸೊರಗುತ್ತಿದ್ದ ಕೈಕಸುಬಿಗೆ ಹೊಸ ಲೋಹದಿಂದ ಅನ್ನ ಹುಟ್ಟಲೆಂಬುದು ಅವರ ಆಶಯ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಇದೇ ಚಾಟರ್ಟನ್ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಆದರೆ ಆದುದೇ ಬೇರೆ. ಯಂತ್ರಗಳು ಅಲ್ಯೂಮಿನಿಯಂ ಪಾತ್ರೆಗಳನ್ನು ರಾಶಿರಾಶಿಯಾಗಿ ಒತ್ತಿ ತೆಗೆದವು. ಕಂಚುಗಾರನ ತಾಮ್ರ ಹಿತ್ತಾಳೆಗಳು ಅಟ್ಟ ಸೇರಿದವು. ಕುಶಲಕರ್ಮಿಯನ್ನು ಉಳಿಸಬಂದ ಲೋಹವೇ ಅವನ ತುತ್ತನ್ನು ಕಸಿಯಿತು.

ಆ ಸಾಲವನ್ನು ಅದು ಈಗ ಸ್ವಲ್ಪವಾದರೂ ತೀರಿಸಬಲ್ಲದು. ಶುದ್ಧವಾದ ಮೆದು ಅಲ್ಯೂಮಿನಿಯಂ ಸರಳು ತಣ್ಣಗಿದ್ದಾಗಲೇ ಸುತ್ತಿಗೆಗೆ ಮಣಿಯುವುದು. ಕಾದ ಕಬ್ಬಿಣ ಹರಿಯುವ ರೀತಿಯನ್ನೇ ನಿಧಾನವಾಗಿ ತೋರಿಸುವುದು. ಮೊನೆ ತೆಗೆಯಬೇಕಾದರೆ ಮೊದಲು ಚೌಕ, ಆಮೇಲೆ ಎಂಟು ಮೂಲೆ, ಕಡೆಗೆ ದುಂಡು ಎಂಬ ಕಮ್ಮಾರನ ಕ್ರಮ ಇಲ್ಲಿಯೂ ಅದೇ. ಚಪ್ಪಟೆ ಮಾಡುವುದು, ಬಗ್ಗಿಸುವುದು, ತಿರುಚುವುದು ಎಲ್ಲವೂ ಸಾಧ್ಯ. ವಾರೆಯಾಗಿ ಬಿದ್ದ ಪೆಟ್ಟು ಗುರುತಾಗಿ ಉಳಿದು ಕಲಿಯುವವನಿಗೆ ಅವನ ತಪ್ಪನ್ನು ತೋರಿಸುವುದು. ಬಡಿದಂತೆ ಲೋಹ ಬಿರುಸಾಗಿ ಸೀಳಬಹುದು. ಆಗ ಸಾಬೂನು ಸವರಿ, ಅದು ಕಪ್ಪಾಗುವವರೆಗೆ ಕಾಯಿಸಿದರೆ ಮತ್ತೆ ಮೆದುವಾಗುವುದು. ಹೆಚ್ಚು ಕಾಯಿಸಲಾಗದು: 660 ಡಿಗ್ರಿಗೆ ಅದು ಕರಗುವುದು, ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ. ಒಂದು ಸುತ್ತಿಗೆ, ಒಂದು ಅಡಿಗಲ್ಲು ಇದ್ದರೆ ಯಾವ ಶಾಲೆಯ ಅಂಗಳದಲ್ಲಾದರೂ, ಯಾವ ಜಾತಿಯ ಹುಡುಗನಾದರೂ ಹುಡುಗಿಯಾದರೂ ಕಲಿಯಬಹುದು.

ಇಷ್ಟರಿಂದಲೇ ಕಮ್ಮಾರನಾಗಲು ಬಾರದು. ಅಲ್ಯೂಮಿನಿಯಮ್ಮಿನ ಕುಡುಗೋಲು ಜೋಳದ ದಂಟನ್ನು ಕೊಯ್ಯದು. ಉಕ್ಕಿನ ಬಣ್ಣ ನೋಡಿ ನೀರಿಗೆ ಅದ್ದುವ ಹದವನ್ನು ಬೆಂಕಿಯ ಮುಂದೆಯೇ ಕಲಿಯಬೇಕು. ತಣ್ಣನೆಯ ಲೋಹ ಕೈಯನ್ನು ಪಳಗಿಸುವುದು, ಕಣ್ಣನ್ನಲ್ಲ. ಕಣ್ಣಿನ ಪಾಠ ಹೇಳಬಲ್ಲ ಮುದುಕರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಕೈ ಪಳಗಿಸಿಕೊಂಡ ಮಕ್ಕಳನ್ನು ಅವರ ಕುಲುಮೆ ಆರುವ ಮೊದಲೇ ಅಲ್ಲಿಗೆ ಕಳುಹಿಸುವುದು ನಮ್ಮ ಪಾಲಿನ ಕೆಲಸ.