ಎರಡು ಪೆನ್ನಿಗಳು

ಇಂಗ್ಲೆಂಡಿನ ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸಕ್ಕೆ ಹೊಸದಾಗಿ ಬಿದ್ದವರು ಮೊದಲು ನೋಡುವುದು ಇಸವಿಯನ್ನು. ಹಳೆಯದಾದಷ್ಟೂ ಬೆಲೆ ಹೆಚ್ಚೆಂಬುದು ಅವರ ಎಣಿಕೆ. ಎರಡು ಪೆನ್ನಿಗಳ ಚರಿತ್ರೆ ಈ ಎಣಿಕೆಯನ್ನು ತಲೆಕೆಳಗು ಮಾಡುತ್ತದೆ.

1797ರಲ್ಲಿ ಮ್ಯಾಥ್ಯೂ ಬೋಲ್ಟನ್ ಎಂಬಾತನು ಬರ್ಮಿಂಗ್‌ಹ್ಯಾಮಿನ ಬಳಿಯ ತನ್ನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದ ಬಲದಿಂದ ಮೂರನೆಯ ಜಾರ್ಜ್ ದೊರೆಯ ತಾಮ್ರದ ಪೆನ್ನಿಯನ್ನು ಅಚ್ಚುಹಾಕಿಸಿದನು. ಖೋಟಾ ನಾಣ್ಯಗಳ ಹಾವಳಿ ಆಗ ವಿಪರೀತವಾಗಿದ್ದಿತು. ಆದುದರಿಂದ ನಾಣ್ಯದ ಬೆಲೆಗೆ ಸರಿಹೊಂದುವಷ್ಟು ತಾಮ್ರವೇ ಅದರಲ್ಲಿರಬೇಕೆಂದು ಪೂರಾ ಒಂದು ಔನ್ಸು ತೂಗುವಂತೆ ಮಾಡಿದರು. ಅಗಲವಾದ ಉಬ್ಬಂಚಿನ ಆ ಭಾರಿ ನಾಣ್ಯಕ್ಕೆ ‘ಗಾಡಿಯ ಚಕ್ರ’ವೆಂಬ ಅಡ್ಡಹೆಸರು ಬಂದಿತು. (ಮುಂಬಯಿ, ಮದರಾಸು ಪ್ರಾಂತಗಳಿಗಾಗಿ ಈಸ್ಟ್ ಇಂಡಿಯಾ ಕಂಪನಿಯ ತಾಮ್ರದ ಕಾಸುಗಳನ್ನು ಅಚ್ಚುಹಾಕಿದುದೂ ಇದೇ ಸಾಲೆಯೇ.) ಕೋಟಿಗಟ್ಟಲೆ ಹೊರಬಿದ್ದುದರಿಂದ, ಇನ್ನೂರು ವರ್ಷ ದಾಟಿದ್ದರೂ, ಸವೆದ ಚಕ್ರವೊಂದು ಸಾಮಾನ್ಯ ಸಂಗ್ರಾಹಕನ ಕೈಗೂ ಎಟುಕುತ್ತದೆ. ಅಂಚು ಚೂಪಾಗಿ ಉಳಿದಿರುವ ನಾಣ್ಯದ ಬೆಲೆ ಬೇರೆ. ಆದರೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಕಾಲ ಕೊಟ್ಟ ಕಂದುಬಣ್ಣದೊಡನೆ ಬೆಲೆಯೂ ತೊಳೆದುಹೋಗುತ್ತದೆ.

1933ರ ಪೆನ್ನಿ ಬರಿಯ ಕಂಚು, ವಯಸ್ಸಿನಲ್ಲಿ ಮೊಮ್ಮಗ. ಚಲಾವಣೆಯಲ್ಲಿ ಪೆನ್ನಿಗಳು ಆಗಲೇ ಬೇಕಾದಷ್ಟಿದ್ದುದರಿಂದ ಆ ವರ್ಷ ಬೆರಳೆಣಿಕೆಯಷ್ಟನ್ನು ಮಾತ್ರ ಮಾಡಿ, ಕೆಲವನ್ನು ಹೊಸ ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇರಿಸಿದರು. ಉಳಿದಿರುವುವು ಏಳೆಂದು ನಂಬಿಕೆ. 1970ರಲ್ಲಿ ಲೀಡ್ಸ್ ನಗರದ ಇಗರ್ಜಿಯೊಂದರ ಅಡಿಗಲ್ಲಿನಿಂದ ಕಳ್ಳರು ಅದನ್ನು ಒಯ್ದರು. ಅದೇ ನಗರದ ಇನ್ನೊಂದು ಇಗರ್ಜಿಗೂ ಇದೇ ಗತಿಯಾದೀತೆಂದು ಬಿಷಪ್ಪರು ಅಲ್ಲಿಯ ಪೆನ್ನಿಯನ್ನು ಅಗೆಸಿ ತೆಗೆಸಿ ಮಾರಿಸಿದರು.