ಹೋಟೆಲ್ ಡಾನಿಯೇಲಿ

ಇಟಲಿಯ ವೆನಿಸ್ ನಗರದ ಪ್ರಸಿದ್ಧ ಹೋಟೆಲು. ವೆನಿಸ್ ಗಣರಾಜ್ಯದ ಮುಖ್ಯಸ್ಥನಾದ ದೋಜೆಯ ಅರಮನೆಗೆ ಸಮೀಪದಲ್ಲಿ, ಹಿನ್ನೀರಿಗೆ ಮುಖಮಾಡಿದ ರಿವಾ ದೆಲ್ಯಿ ಸ್ಕಿಯಾವೊನಿ ದಂಡೆಯ ಮೇಲಿದೆ. ಬೇರೆ ಬೇರೆ ಕಾಲದ ಮೂರು ಕಟ್ಟಡಗಳು ಇಲ್ಲಿ ಒಂದಾಗಿವೆ: 14ನೆಯ ಶತಮಾನದ ಕೊನೆಯ ಭಾಗದ್ದೆನ್ನಲಾದ ದಾಂದೊಲೊ ಅರಮನೆ, 19ನೆಯ ಶತಮಾನದ ಕಾಸಾ ನುವೊವಾ ಮತ್ತು 1948ರಲ್ಲಿ ಮುಗಿದ ಹೊಸ ಭಾಗ. ಇವುಗಳ ನಡುವೆ ಓಡಾಡಲು ಮುಚ್ಚಿದ ಸೇತುವೆಗಳಿವೆ.

ಅರಮನೆ

ವೆನಿಸ್‌ನ ಶ್ರೀಮಂತ ಕುಲಗಳು ಬೆಳೆದದ್ದು ಕಡಲ ವ್ಯಾಪಾರದಿಂದ. ಅವರ ಮನೆಗಳ ನೆಲಮಹಡಿ ದೋಣಿಯಿಂದ ಇಳಿದ ಸರಕಿಗೆ, ಅದರ ಮೇಲಿನ ಮಹಡಿ ಮನೆಯವರಿಗೆ ಮತ್ತು ಅತಿಥಿ ಸತ್ಕಾರಕ್ಕೆ. ಕೆಸರು ನೆಲಕ್ಕೆ ಒತ್ತಾಗಿ ಮರದ ಕಂಬಗಳನ್ನು ಹೊಡೆದು, ಅವುಗಳ ಮೇಲೆ ನೀರು ಹೀರದ ಇಸ್ತ್ರಿಯಾ ಕಲ್ಲನ್ನು ಹಾಸಿ ಗೋಡೆ ಎಬ್ಬಿಸುತ್ತಿದ್ದರು. ದಾಂದೊಲೊ ಅರಮನೆಯ ಮುಂಭಾಗ ವೆನಿಸ್‌ನ ಗಾಥಿಕ್ ಶೈಲಿಯದು. ತುದಿ ಚೂಪಾದ ಕಮಾನುಗಳ ಕಿಟಕಿಗಳು ಸಾಲಾಗಿ ನೀರಿನ ಕಡೆಗೆ ತೆರೆದುಕೊಂಡಿವೆ. ಇಂದು ಪ್ರವಾಸಿಗರು ಬೆರಗಿನಿಂದ ನೋಡುವ ಒಳಾಂಗಣ ಹಿಂದೆ ಬಯಲು ಅಂಗಳವಾಗಿತ್ತು. ಅದರ ಈಗಿನ ಅಲಂಕಾರದಲ್ಲಿ ಬಹುಪಾಲು 19ನೆಯ ಶತಮಾನದ್ದು. ಅದನ್ನು ಮಧ್ಯಯುಗದ್ದೆಂದು ತಿಳಿಯಬಾರದು. ನಾಲ್ವರು ದೋಜೆಗಳನ್ನು ಕೊಟ್ಟ ದಾಂದೊಲೊ ಕುಲದ ನಂತರ ಮನೆ ಹಲವರ ಕೈ ದಾಟಿತು. 17ನೆಯ ಶತಮಾನದಲ್ಲಿ ಇಲ್ಲಿ ಮೊಚೆನಿಗೊ ಕುಲದವರಿದ್ದರು.

ಮೊಂತೆವೆರ್ದಿಯ ಸಂಗೀತ

ಈ ಕಟ್ಟಡದ ಇತಿಹಾಸದಲ್ಲಿ ಎಲ್ಲಕ್ಕಿಂತ ಮಹತ್ವದ ಘಟನೆ ಹೋಟೆಲು ತೆರೆಯುವ ಸುಮಾರು ಎರಡು ಶತಮಾನ ಮೊದಲೇ ನಡೆಯಿತು. ಸ್ಯಾನ್ ಮಾರ್ಕೊ ಚರ್ಚಿನ ಸಂಗೀತ ನಿರ್ದೇಶಕ ಕ್ಲಾಉದಿಯೊ ಮೊಂತೆವೆರ್ದಿ 1624ರ ಕಾರ್ನಿವಲ್‌ನಲ್ಲಿ ಜಿರೊಲಾಮೊ ಮೊಚೆನಿಗೊನ ಮನೆಯಲ್ಲಿ ‘ತಾಂಕ್ರೆದಿ ಮತ್ತು ಕ್ಲೊರಿಂದಾರ ಕಾಳಗ’ವನ್ನು ಪ್ರದರ್ಶಿಸಿದ. ವೆನಿಸ್‌ನ ವರ್ಷ ಮಾರ್ಚ್ 1ಕ್ಕೆ ಶುರುವಾಗುತ್ತಿದ್ದುದರಿಂದ ಈಗಿನ ಲೆಕ್ಕದಲ್ಲಿ ಅದು 1625 ಆಗಿರಬಹುದು. ಆ ಮನೆ ಇದೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ.

ಕಥೆ ತಾಸ್ಸೊ ಕವಿಯ ಮಹಾಕಾವ್ಯದ್ದು. ರಾತ್ರಿಯ ಕತ್ತಲಲ್ಲಿ, ಎದುರಾಳಿ ತಾನು ಪ್ರೀತಿಸುವ ಹೆಣ್ಣೆಂದು ತಿಳಿಯದೆ ತಾಂಕ್ರೆದಿ ಕ್ಲೊರಿಂದಾಳನ್ನು ಕೊಲ್ಲುತ್ತಾನೆ. ಇದಕ್ಕಾಗಿ ಮೊಂತೆವೆರ್ದಿ ಕೆರಳಿದ ಮನಸ್ಸಿನ ಹೊಸದೊಂದು ಶೈಲಿಯನ್ನು ರೂಪಿಸಿದ. ಒಂದು ದೀರ್ಘ ಸ್ವರವನ್ನು ಹದಿನಾರು ತುಂಡು ಮಾಡಿ, ಅದೇ ಸ್ವರವನ್ನು ತಂತಿಯ ಮೇಲೆ ಕಮಾನಿನಿಂದ ಬಿರಬಿರನೆ ಮತ್ತೆ ಮತ್ತೆ ನುಡಿಸಬೇಕು. ಒಂದೇ ತಂತಿಯನ್ನು ಹಾಗೆ ಹದಿನಾರು ಸಲ ನುಡಿಸುವುದು ವಾದಕರಿಗೆ ಮೊದಲು ನಗೆಪಾಟಲಾಗಿ ಕಂಡಿತು. ಅವರು ಅದನ್ನು ಒಂದೇ ಎಳೆತಕ್ಕೆ ಇಳಿಸಿಬಿಡುತ್ತಿದ್ದರು ಎಂದು ಅವನೇ 1638ರಲ್ಲಿ ಕೃತಿಯನ್ನು ಅಚ್ಚುಹಾಕಿಸಿದಾಗ ಮುನ್ನುಡಿಯಲ್ಲಿ ದಾಖಲಿಸಿದ್ದಾನೆ. ಮತ್ತೊಂದು ಕಡೆ ಕಮಾನನ್ನು ಬಿಟ್ಟು ಎರಡು ಬೆರಳಿನಿಂದ ತಂತಿ ಮೀಟುವಂತೆ ಸೂಚನೆ ಇದೆ. ಪಿಟೀಲು ಕುಟುಂಬದ ವಾದ್ಯಗಳಿಗೆ ಇಂಥ ಸೂಚನೆಯನ್ನು ಬರೆದಿಟ್ಟ ಅತಿ ಹಳೆಯ ನಿದರ್ಶನಗಳಲ್ಲಿ ಇದೂ ಒಂದು. ಕೇಳುತ್ತ ಕುಳಿತ ಶ್ರೀಮಂತರ ಕಣ್ಣು ತುಂಬಿ ಬಂದಿತೆಂದೂ ಮೊಂತೆವೆರ್ದಿ ಹೇಳುತ್ತಾನೆ.

1630ರ ಏಪ್ರಿಲ್‌ನಲ್ಲಿ ಮೊಚೆನಿಗೊನ ಮಗಳ ಮದುವೆಗೆ ‘ಪ್ರೊಸೆರ್ಪಿನಾ ಅಪಹರಣ’ ಎಂಬ ಸಂಗೀತ ನಾಟಕ ನಡೆಯಿತು. ಜೂಲಿಯೊ ಸ್ತ್ರೊತ್ಸಿಯ ಸಾಹಿತ್ಯ ಉಳಿದಿದೆ. ಮೊಂತೆವೆರ್ದಿಯ ಸಂಗೀತದಲ್ಲಿ ಮೂರು ಕಂಠಗಳ ಒಂದು ಹಾಡಿನ ಹೊರತು ಮಿಕ್ಕದ್ದು ಕಳೆದುಹೋಗಿದೆ. ಅದೇ ವರ್ಷ ಪ್ಲೇಗ್ ಬಂದು ನಗರದ ಸುಮಾರು ಮೂರರಲ್ಲೊಂದು ಪಾಲು ಜನ ಸತ್ತರು.

ಹೋಟೆಲು

1797ರಲ್ಲಿ ನೆಪೋಲಿಯನ್‌ನ ಮುಂದೆ ಗಣರಾಜ್ಯ ಕುಸಿದ ಮೇಲೆ ಎಷ್ಟೋ ಕುಲಗಳಿಗೆ ಅರಮನೆ ನಿಭಾಯಿಸುವುದು ದುಸ್ತರವಾಯಿತು. ಜುಸೆಪ್ಪೆ ದಾಲ್ ನಿಯೆಲ್ ಎಂಬಾತ 1822ರ ಹೊತ್ತಿಗೆ ಇಲ್ಲಿನ ಒಂದು ಭಾಗವನ್ನು ಬಾಡಿಗೆಗೆ ಹಿಡಿದು ವಸತಿಗೃಹ ಆರಂಭಿಸಿದ. ಬಳಿಕ ಕಟ್ಟಡವನ್ನೇ ಕೊಂಡುಕೊಂಡ. ಅವನ ಹೆಸರೇ ಹೋಟೆಲಿಗೂ ಬಂತು.

1834ರ ಆರಂಭದಲ್ಲಿ ಫ್ರೆಂಚ್ ಲೇಖಕಿ ಜಾರ್ಜ್ ಸ್ಯಾಂಡ್, ಕವಿ ಆಲ್ಫ್ರೆಡ್ ದ ಮ್ಯುಸೆ ಇಲ್ಲಿ ತಂಗಿದ್ದರು. ಕಾಯಿಲೆ ಬಿದ್ದ ಮ್ಯುಸೆಯನ್ನು ನೋಡಲು ಬಂದ ವೈದ್ಯ ಪಿಯೆತ್ರೊ ಪಾಜೆಲ್ಲೊ ಸ್ಯಾಂಡ್‌ಳ ಪ್ರಿಯನಾದ. ಡಾನಿಯೇಲಿ ಎಂದೊಡನೆ ಜನ ನೆನೆಯುವುದು ಈ ಪ್ರಸಂಗವನ್ನೇ. ಆದರೆ ಇದಕ್ಕಿಂತ ಗಂಭೀರವಾದ ನಂಟು ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್‌ನದು. 1849–50ರ ಚಳಿಗಾಲದಲ್ಲಿ ಇಲ್ಲಿ ಉಳಿದು, ಚಳಿಯಲ್ಲೇ ಏಣಿ ಹತ್ತಿ ಅರಮನೆಗಳ ಕಂಬ, ಕಮಾನುಗಳನ್ನು ಅಳೆದು ‘ವೆನಿಸ್‌ನ ಕಲ್ಲುಗಳು’ ಗ್ರಂಥಕ್ಕೆ ಸಾಮಗ್ರಿ ಕೂಡಿಸಿದ.

ಹೊಸ ಭಾಗ

1172ರಲ್ಲಿ ದೋಜೆ ಎರಡನೆಯ ವಿತಾಲೆ ಮಿಕಿಯೆಲ್ ಸ್ಯಾನ್ ಜಕ್ಕಾರಿಯಾ ಚರ್ಚಿನ ಕಡೆ ಹೋಗುತ್ತಿದ್ದಾಗ ಇರಿತಕ್ಕೆ ಬಲಿಯಾದ. ಕೊಲೆಗಾರನಿದ್ದ ಕಡೆಯ ಮನೆಗಳನ್ನು ಕೆಡವಿ, ಅಲ್ಲಿ ಮತ್ತೆ ಕಲ್ಲಿನ ಕಟ್ಟಡ ಏಳಕೂಡದೆಂದು ಕಟ್ಟಳೆ ಮಾಡಿದರೆಂಬ ಐತಿಹ್ಯವಿದೆ. ಆ ಜಾಗದಲ್ಲಿ ತಗ್ಗು ಮನೆಗಳಷ್ಟೇ ಉಳಿದುಬಂದವು. ವಾಸ್ತುಶಿಲ್ಪಿ ವಿರ್ಜಿಲಿಯೊ ವಲ್ಲೊತ್ 1946–48ರಲ್ಲಿ ಅಲ್ಲೇ ಹೋಟೆಲಿನ ಹೊಸ ಭಾಗವನ್ನು ಕಟ್ಟಿದಾಗ ನಗರದಲ್ಲಿ ಕಟುವಾದ ಟೀಕೆ ಎದ್ದಿತು. ಪಕ್ಕದ ಗಾಥಿಕ್ ಮುಖಕ್ಕೂ ಈ ಬೋಳು ಮುಖಕ್ಕೂ ಹೊಂದಿಕೆಯಿಲ್ಲವೆಂಬ ಆಕ್ಷೇಪದಲ್ಲಿ ಹುರುಳಿದೆ.

20ನೆಯ ಶತಮಾನದ ಬಹುಕಾಲ ಹೋಟೆಲು ಚೀಗಾ ಎಂಬ ಇಟಲಿಯ ಹೋಟೆಲು ಕಂಪನಿಯದಾಗಿತ್ತು. ಆಮೇಲೆ ಅಂತರರಾಷ್ಟ್ರೀಯ ಹೋಟೆಲು ಸಮೂಹಗಳು ನಡೆಸಿಕೊಂಡು ಬಂದವು. ಮುಂದೆ, ನವೀಕರಣದ ಬಳಿಕ ನಿರ್ವಹಣೆಯನ್ನು ಫೋರ್ ಸೀಸನ್ಸ್ ವಹಿಸಿಕೊಳ್ಳುವುದೆಂದು ಪ್ರಕಟಿಸಲಾಯಿತು.