ಕೊಂಬು ಸುತ್ತಿ ಬರುವಾಗ

ಐಸ್‌ಲ್ಯಾಂಡಿನಲ್ಲಿ ನೆಲೆ ನಿಂತ ಪ್ರತಿಯೊಬ್ಬರ ಹೆಸರಿನ ಜೊತೆಗೂ ಸರ್ಕಾರಿ ದಾಖಲೆಯಲ್ಲಿ ಒಂದು ಸಂಗತಿ ಬರೆದಿರುತ್ತದೆ: ಇವರು ಯಾವ ಧರ್ಮಸಂಘಕ್ಕೆ ಸೇರಿದವರು, ಅಥವಾ ಯಾವುದಕ್ಕೂ ಸೇರದವರು. ಹದಿನಾರು ತುಂಬಿದವರ ತಲೆಗೆ ಇಷ್ಟು ಎಂದು ಸರ್ಕಾರ ತಿಂಗಳು ತಿಂಗಳು ಆಯಾ ಸಂಘಕ್ಕೆ ಹಣ ಕೊಡುತ್ತದೆ. ರೇಕ್ಯಾವಿಕ್ ನಗರದ ಒಂದು ವೃದ್ಧಾಶ್ರಮದಲ್ಲಿ ನಾನು ಆರೈಕೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನ್ನ ಪಾಲಿಗೆ ಬಂದ ಅಜ್ಜಿಯೊಬ್ಬರು ತಮ್ಮದು ‘ಆಸಾತ್ರು’, ಈ ನಾಡಿನ ಹಳೆಯ ದೇವರುಗಳ ಧರ್ಮ, ಎಂದರು. ತೀರಿಕೊಂಡರೆ ಪಾದ್ರಿಯನ್ನು ಕರೆಸಬೇಡಿ, ನಮ್ಮ ಗೋದಿಯನ್ನು ಕರೆಸಿ ಎಂದು ಸ್ಪಷ್ಟವಾಗಿ ಹೇಳಿಟ್ಟಿದ್ದರು. ಗೋದಿ ಅಂದರೆ ಆ ಹಳೆಯ ಧರ್ಮದ ಪೂಜಾರಿ, ಹಿಂದಿನ ಕಾಲದಲ್ಲಿ ಊರಿಗೆ ಮುಖಂಡನೂ ಹೌದು. ಥೋರ್, ಓದಿನ್, ಫ್ರೇಯಾ ಎಂಬ ದೇವರುಗಳು ಕತೆಯ ಪುಸ್ತಕದಲ್ಲಿ ಮಾತ್ರ ಉಳಿದವರು ಎಂದುಕೊಂಡಿದ್ದ ನನಗೆ, ಅವರನ್ನು ನಂಬಿ ಸರ್ಕಾರಿ ಕಾಗದದಲ್ಲಿ ಹೆಸರು ಬರೆಸಿದ ಜೀವಂತ ಮನುಷ್ಯರು ಸಿಕ್ಕಿದ್ದು ಹೀಗೆ.

ಇಲ್ಲಿನ ಭಾಷೆಯಲ್ಲಿ ಅಜ್ಜಿಗೆ ‘ಅಮ್ಮ’ ಅನ್ನುತ್ತಾರೆ. ಭಾನುವಾರ ಮೊಮ್ಮಕ್ಕಳು ಬಾಗಿಲಲ್ಲೇ ‘ಅಮ್ಮಾ’ ಎಂದು ಕೂಗುವಾಗ, ಪುತ್ತೂರಿನ ಮನೆ ಬಿಟ್ಟು ಬಂದ ನನಗೆ ಮೊದಮೊದಲು ಎದೆ ಝಲ್ಲೆನ್ನುತ್ತಿತ್ತು. ಆಮೇಲೆ ನಾನೂ ಅವರನ್ನು ಅಮ್ಮ ಎಂದೇ ಕರೆಯತೊಡಗಿದೆ. ಈ ದೇಶದ ಹಳೆಯ ಕತೆಗಳನ್ನು ನನಗೆ ಕೂರಿಸಿಕೊಂಡು ಹೇಳಿದವರು ಅವರು. ಓದಿ ತಿಳಿದುಕೊಂಡದ್ದು ಆಮೇಲೆ.

ಕತೆ ಶುರುವಾಗುವುದು ಕ್ರಿ.ಶ. 1000ರ ಆಸುಪಾಸಿನ ಒಂದು ಬೇಸಿಗೆಯಲ್ಲಿ. ಥಿಂಗ್‌ವೆಲ್ಲಿರ್ ಎಂಬ ಬಯಲಲ್ಲಿ, ಕಪ್ಪು ಬಂಡೆಗಳ ನಡುವೆ, ವರ್ಷಕ್ಕೊಮ್ಮೆ ನಾಡಿನ ಮಹಾಸಭೆ ಸೇರುತ್ತಿತ್ತು. ಆ ವರ್ಷ ಸಭೆ ಎರಡು ಹೋಳಾಯಿತು. ನಾರ್ವೆಯ ರಾಜನ ಒತ್ತಾಯದಿಂದ ಕ್ರೈಸ್ತರಾದವರು ಒಂದು ಕಡೆ, ಹಳೆಯ ದೇವರನ್ನು ಬಿಡದವರು ಇನ್ನೊಂದು ಕಡೆ. ನಿಮ್ಮ ಕಾನೂನು ನಮಗಿಲ್ಲ, ನಮ್ಮದು ನಿಮಗಿಲ್ಲ ಎಂದು ಎರಡೂ ಕಡೆಯವರು ಸಾಕ್ಷಿ ಇಟ್ಟು ಘೋಷಿಸಿಬಿಟ್ಟರು. ಕತ್ತಿ ಹೊರಗೆ ಬರುವುದೊಂದೇ ಬಾಕಿ. ಆಗ ತೀರ್ಪಿನ ಹೊಣೆ ಬಿದ್ದದ್ದು ಥೋರ್ಗೇರ್ ಎಂಬ ಕಾನೂನು ಹೇಳುವವನ ಮೇಲೆ. ಅವನು ಹಳೆಯ ಧರ್ಮದವನು. ತನ್ನ ಬಿಡಾರಕ್ಕೆ ಹೋದ, ಕಂಬಳಿ ತಲೆವರೆಗೆ ಎಳೆದುಕೊಂಡು ಮಲಗಿದ. ಆ ಹಗಲೆಲ್ಲ, ಆ ರಾತ್ರಿಯೆಲ್ಲ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದು ಬಂದು ಬಂಡೆಯ ಮೇಲೆ ನಿಂತು, ಕಾನೂನು ಎರಡಾದರೆ ಶಾಂತಿ ಹರಿದುಹೋಗುತ್ತದೆ, ಎಲ್ಲರಿಗೂ ಒಂದೇ ಕಾನೂನು, ಒಂದೇ ಧರ್ಮ, ಅದು ಕ್ರೈಸ್ತ ಧರ್ಮ ಎಂದ. ತಾನು ನಂಬಿದ ದೇವರ ವಿರುದ್ಧ ತಾನೇ ತೀರ್ಪು ಕೊಟ್ಟ. ಹಳಬರಿಗೆ ಮೂರು ವಿನಾಯಿತಿ ಉಳಿಯಿತು: ಬೇಡದ ಶಿಶುವನ್ನು ಹೊರಗಿಡುವುದು, ಕುದುರೆ ಮಾಂಸ ತಿನ್ನುವುದು, ಯಾರೂ ಕಾಣದಂತೆ ಹಳೆಯ ದೇವರಿಗೆ ಬಲಿ ಕೊಡುವುದು. ಕೆಲವೇ ವರ್ಷಗಳಲ್ಲಿ ಅವೂ ಹೋದವು.

ಅಮ್ಮ ಈ ಕತೆ ಹೇಳುವಾಗ ಥೋರ್ಗೇರನನ್ನು ಒಮ್ಮೆಯೂ ಬೈದದ್ದಿಲ್ಲ. ರಕ್ತ ಹರಿಯದಂತೆ ನೋಡಿಕೊಂಡನಲ್ಲ, ಅದು ದೊಡ್ಡದು ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಆ ತೀರ್ಪಿನಲ್ಲಿ ಶಾಂತಿಗೆ ಕೊಟ್ಟ ಬೆಲೆ ಏನೆಂದರೆ, ಬೇರೆ ಥರ ಪೂಜಿಸುವವರು ಮರೆಯಲ್ಲಿರಬೇಕು. ಮುಂದಿನ ಸಾವಿರ ವರ್ಷ ಅದೇ ನಡೆಯಿತು. 1874ರ ಸಂವಿಧಾನ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿತು. ಕೊಟ್ಟರೂ ಥೋರನ ಹೆಸರಲ್ಲಿ ಅದನ್ನು ಕೇಳಲು ಯಾರೂ ಹೋಗಲಿಲ್ಲ.

ದೇವರುಗಳು ಹೋದರೂ ಅವರ ಪದ್ಯಗಳು ಉಳಿದವು. 13ನೇ ಶತಮಾನದಲ್ಲಿ ಇಲ್ಲಿನವರು ಕರುವಿನ ಚರ್ಮದ ಹಾಳೆಗಳ ಮೇಲೆ ಅವನ್ನು ಬರೆದಿಟ್ಟರು. ಅವುಗಳಲ್ಲಿ ಮುಖ್ಯವಾದದ್ದು ‘ಕೋಡೆಕ್ಸ್ ರೇಗಿಯಸ್’ ಎಂಬ ಕೈಬರಹದ ಸಣ್ಣ ಪುಸ್ತಕ. ಶತಮಾನಗಳ ಕಾಲ ಅದು ಡೆನ್ಮಾರ್ಕಿನ ರಾಜನ ಗ್ರಂಥಾಲಯದಲ್ಲಿತ್ತು. 1971ರ ಏಪ್ರಿಲ್ 21ರಂದು ಡೇನಿಶ್ ಯುದ್ಧನೌಕೆಯಲ್ಲಿ ಅದು ಮರಳಿ ರೇಕ್ಯಾವಿಕ್ ಬಂದರಿಗೆ ಬಂತು. ಅದನ್ನು ಎದುರುಗೊಳ್ಳಲು ಊರೇ ಬಂದರಿಗೆ ಇಳಿದಿತ್ತು. ಅಮ್ಮನೂ ಆ ಜನರ ನಡುವೆ ನಿಂತಿದ್ದರಂತೆ. ಪುಸ್ತಕ ಕಾಣಲಿಲ್ಲ, ಮುಂದಿದ್ದವರ ಟೊಪ್ಪಿಗಳು ಮಾತ್ರ ಕಂಡವು, ಆದರೂ ಕಣ್ಣು ತುಂಬಿ ಬಂತು ಎಂದಿದ್ದರು. ಅದಾಗಿ ಒಂದು ವರ್ಷ ತುಂಬಲು ಒಂದು ದಿನ ಇದೆ ಎನ್ನುವಾಗ, 1972ರ ಏಪ್ರಿಲ್ 20ರ ಗುರುವಾರ, ಹೋಟೆಲ್ ಬೋರ್ಗ್‌ನಲ್ಲಿ ಹನ್ನೆರಡು ಜನ ಕೂತು ಆಸಾತ್ರು ಸಂಘ ಕಟ್ಟಿದರು. ಇವೆರಡೂ ಒಂದರ ಹಿಂದೊಂದು ಬಂದದ್ದು ಬರೀ ಆಕಸ್ಮಿಕ ಎಂದು ನಾನು ಒಪ್ಪುವುದಿಲ್ಲ. ಸಂಘ ಕಟ್ಟಿದ ದಿನ ಇಲ್ಲಿನ ಹಳೆಯ ಪಂಚಾಂಗದ ಪ್ರಕಾರ ಬೇಸಿಗೆಯ ಮೊದಲ ದಿನ, ಈಗಲೂ ಸರ್ಕಾರಿ ರಜೆ. ಬೇಸಿಗೆ ಎಂದರೂ ಎಷ್ಟೋ ಸಲ ಹಿಮ ಬೀಳುತ್ತಿರುತ್ತದೆ.

ಹನ್ನೆರಡು ಜನರ ಮುಂದಾಳು ಸ್ವೇನ್‌ಬ್ಯೋರ್ನ್ ಬೇನ್‌ತೇನ್ಸನ್. ಹುಟ್ಟಿದ್ದು 1924ರಲ್ಲಿ, ಬದುಕಿದ್ದು ದ್ರಾಗ್‌ಹಾಲ್ಸ್ ಎಂಬಲ್ಲಿ ಕುರಿ ಸಾಕಿಕೊಂಡು. ಉದ್ದ ಬಿಳಿ ಗಡ್ಡ, ಉಣ್ಣೆಯ ಬಟ್ಟೆ, ಮೆಲುಮಾತು. ‘ರೀಮುರ್’ ಎಂಬ ಹಳೆಯ ಕಥನಪದ್ಯಗಳನ್ನು ರಾಗ ಎಳೆದು ಹೇಳುವುದರಲ್ಲಿ ಅವರು ಎತ್ತಿದ ಕೈ. ಗಮಕ ಕೇಳಿ ಬೆಳೆದವರಿಗೆ ಆ ಧ್ವನಿ ದೂರದ್ದು ಅನ್ನಿಸದು. ಛಂದಸ್ಸಿನ ಮೇಲೆ ಪುಸ್ತಕ ಬರೆದಿದ್ದರು. 1982ರಲ್ಲಿ ಬಂದ ‘ರಾಕ್ ಇನ್ ರೇಕ್ಯಾವಿಕ್’ ಎಂಬ ಸಾಕ್ಷ್ಯಚಿತ್ರ ನಗರದ ಪಂಕ್ ಹುಡುಗರ ಗದ್ದಲವನ್ನೆಲ್ಲ ಹಿಡಿದಿಟ್ಟದ್ದು. ಅದರಲ್ಲಿ ಈ ಗಡ್ಡದ ರೈತನೂ ಇದ್ದಾರೆ, ರೀಮುರ್ ಹೇಳುತ್ತಾ. ಕೂದಲಿಗೆ ಬಣ್ಣ ಹಚ್ಚಿದ ಹುಡುಗರನ್ನು ದೂರ ಇಡುವ ಜಾಯಮಾನ ಅವರದಲ್ಲ. ಸಂಘದ ಮುಂದಿನ ಗುಣವನ್ನು ಯಾವ ನಿಯಮಾವಳಿಗಿಂತ ಹೆಚ್ಚಾಗಿ ತಿದ್ದಿದ್ದು ಆ ಮನುಷ್ಯನ ಸ್ವಭಾವವೇ ಎಂಬುದು ನನ್ನ ನಂಬಿಕೆ.

1972ರ ಕ್ರಿಸ್‌ಮಸ್ ಹತ್ತಿರವಿದ್ದಾಗ ಅವರು ಒಬ್ಬ ಜೊತೆಗಾರನನ್ನು ಕರೆದುಕೊಂಡು ಧರ್ಮ ಖಾತೆಯ ಮಂತ್ರಿ ಓಲಾಫುರ್ ಯೋಹಾನ್ನೆಸ್ಸನ್ ಬಳಿ ಹೋಗಿ, ನಮ್ಮ ಸಂಘಕ್ಕೆ ಮಾನ್ಯತೆ ಬೇಕು ಎಂದರು. ಇವರು ತಮಾಷೆಗೆ ಬಂದಿದ್ದಾರೆಂದು ಮಂತ್ರಿ ಭಾವಿಸಿದರಂತೆ. ಕಾಗದಪತ್ರ ತನ್ನಿ ಎಂದು ಕಳುಹಿಸಿದರು. ಇವರು ಹೊರಟ ಸ್ವಲ್ಪ ಹೊತ್ತಿಗೆ ಗುಡುಗು ಸಿಡಿಲು ಬಂದು ನಗರದ ನಡುಭಾಗದಲ್ಲಿ ಕರೆಂಟು ಹೋಯಿತು. ಥೋರ್ ಗುಡುಗಿನ ದೇವರಲ್ಲವೇ! ಈ ಕತೆಯನ್ನು ಹೇಳದ ಐಸ್‌ಲ್ಯಾಂಡಿಗ ಇಲ್ಲ. ಲೂಥರನ್ ಚರ್ಚಿನ ಬಿಷಪ್ ಮಾತ್ರ ವಿರೋಧಿಸಿದರು. ಸಂವಿಧಾನದಲ್ಲಿ ದೇವರು ಎಂದು ಏಕವಚನದಲ್ಲಿದೆ, ಹಲವು ದೇವರನ್ನು ಪೂಜಿಸುವವರಿಗೆ ಅದು ಅನ್ವಯಿಸದು ಎಂಬುದು ಅವರ ವಾದ. ಮುಕ್ಕೋಟಿ ದೇವತೆಗಳ ನಾಡಿನವಳಾದ ನಾನು ಆ ವಾದವನ್ನು ಎರಡೆರಡು ಸಲ ಓದಿದೆ. ಸರ್ಕಾರ ಅದನ್ನು ಒಪ್ಪಲಿಲ್ಲ. 1973ರ ಮೇ ತಿಂಗಳಲ್ಲಿ ಮಾನ್ಯತೆ ಸಿಕ್ಕಿತು. ಅದೇ ವರ್ಷದ ಆಗಸ್ಟ್ 5ರಂದು ದ್ರಾಗ್‌ಹಾಲ್ಸ್‌ನ ಬಯಲಲ್ಲಿ, ಎಲ್ಲರಿಗೂ ಕಾಣುವಂತೆ, ಹಳೆಯ ದೇವರಿಗೆ ‘ಬ್ಲೋತ್’ ನಡೆಯಿತು. ಬ್ಲೋತ್ ಎಂದರೆ ಹಿಂದೆ ಬಲಿ, ಈಗ ಪೂಜೆ ಮತ್ತು ಊಟ. ಪ್ರಾಣಿಬಲಿಯನ್ನು ಸಂಘ ನಿರಾಕರಿಸುತ್ತದೆ.

ಮಾನ್ಯತೆ ಎಂದರೆ ಬರೀ ಮರ್ಯಾದೆಯ ಕಾಗದವಲ್ಲ. ಗೋದಿ ಮಾಡಿಸಿದ ಮದುವೆಗೆ ಕಾನೂನಿನ ಬಲ ಬಂತು. ಮಗುವಿಗೆ ಹೆಸರಿಡುವುದು, ಮಣ್ಣು ಮಾಡುವುದು ಎಲ್ಲವೂ ತಮ್ಮ ಪದ್ಧತಿಯಲ್ಲೇ ನಡೆಯುವಂತಾಯಿತು. 1999ರಲ್ಲಿ ನಗರದ ಗುಫುನೆಸ್ ಸ್ಮಶಾನದಲ್ಲಿ ಅವರಿಗೆಂದೇ ಜಾಗ ಸಿಕ್ಕಿತು. ಮಾನ್ಯತೆ ಸಿಕ್ಕಿದ್ದರೂ 1990ರ ಸುಮಾರಿಗೆ ಸದಸ್ಯರು ನೂರರ ಹತ್ತಿರ ಇದ್ದರಷ್ಟೆ. ಇವತ್ತು 5,000 ದಾಟಿದ್ದಾರೆ. ನಾಲ್ಕು ಲಕ್ಷ ಜನರೂ ಇಲ್ಲದ ದೇಶದಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಮನೆ ಮನೆಗೆ ಹೋಗಿ ಕರೆಯುವ ಪದ್ಧತಿ ಇವರಲ್ಲಿ ಇಲ್ಲ. ಇಷ್ಟು ದೇವರನ್ನು ಇಂತಿಂಥ ರೀತಿ ನಂಬುತ್ತೇನೆ ಎಂದು ಪ್ರಮಾಣ ಮಾಡಿಸುವುದೂ ಇಲ್ಲ. ಥೋರ್ ನಿಜವಾಗಿ ಇದ್ದಾನೆ ಎನ್ನುವವರು, ಅವನು ಪ್ರಕೃತಿಯ ಶಕ್ತಿ ಎನ್ನುವವರು, ತಮಗೆ ಪದ್ಯಗಳೇ ಸಾಕು ಎನ್ನುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಸ್ವೇನ್‌ಬ್ಯೋರ್ನ್ 1993ರ ಡಿಸೆಂಬರಿನಲ್ಲಿ ತೀರಿಕೊಂಡರು. ಆಮೇಲೆ ಯೋರ್ಮುಂದೂರ್ ಇಂಗಿ ಮುಖ್ಯ ಗೋದಿಯಾದರು. ಒಳಜಗಳಗಳ ನಡುವೆ ಅವರು 2002ರಲ್ಲಿ ಇಳಿದಾಗ ಜವಾಬ್ದಾರಿ ಹೊತ್ತವರು ಯೋನೀನಾ ಕ್ರಿಸ್ತೀನ್ ಬೆರ್ಗ್ ಎಂಬ ಹೆಂಗಸು. 2003ರಿಂದ ಆ ಸ್ಥಾನದಲ್ಲಿರುವವರು ಸಂಗೀತ ಸಂಯೋಜಕ ಹಿಲ್ಮರ್ ಓರ್ನ್ ಹಿಲ್ಮರ್‌ಸನ್.

ಒಂದು ಸಂಗತಿಯನ್ನು ನಿಧಾನವಾಗಿ ಹೇಳಬೇಕು. ಈ ದೇವರುಗಳನ್ನು ನಾಜಿಗಳು ತಮ್ಮ ಕೆಲಸಕ್ಕೆ ಬಳಸಿಕೊಂಡಿದ್ದರು. ಇವತ್ತಿಗೂ ಯುರೋಪು ಅಮೆರಿಕಗಳಲ್ಲಿ, ಇದು ಬಿಳಿಯರ ರಕ್ತದ ಧರ್ಮ, ಬೇರೆಯವರಿಗೆ ಪ್ರವೇಶವಿಲ್ಲ ಎನ್ನುವ ಗುಂಪುಗಳಿವೆ. ಥೋರನ ಸುತ್ತಿಗೆಯನ್ನು ಕೊರಳಿಗೆ ಹಾಕಿಕೊಂಡ ಅಪರಿಚಿತ ಬಸ್ಸಿನಲ್ಲಿ ಎದುರು ಕೂತರೆ ನನ್ನಂಥ ಕಂದು ಬಣ್ಣದವಳಿಗೆ ಎದೆ ಹೊಡೆದುಕೊಳ್ಳುವುದು ಸಹಜ. ಐಸ್‌ಲ್ಯಾಂಡಿನ ಸಂಘ ಈ ವಿಷಯದಲ್ಲಿ ಸುಮ್ಮನೆ ಕೂರಲಿಲ್ಲ. ಜನಾಂಗದ ಮೇಲರಿಮೆಗೆ, ಯುದ್ಧಕೋರತನಕ್ಕೆ ನಮ್ಮ ಹೆಸರನ್ನು ಬಳಸುವುದನ್ನು ಒಪ್ಪುವುದಿಲ್ಲ ಎಂದು ಬಹಿರಂಗವಾಗಿ ಹೇಳಿತು. ಗಂಡು ಗಂಡಿನ, ಹೆಣ್ಣು ಹೆಣ್ಣಿನ ಮದುವೆಗೆ ಈ ದೇಶದಲ್ಲಿ ಕಾನೂನು ಬಂದದ್ದು 2010ರ ಜೂನ್‌ನಲ್ಲಿ. ಅಂಥ ಮದುವೆಗಳ ಹಕ್ಕಿನ ಪರವಾಗಿ ಸಂಘ ಗಟ್ಟಿಯಾಗಿ ನಿಂತಿತು. ಅದಕ್ಕಾಗಿ 2015ರಲ್ಲಿ ಇದೇ ಹಳೆಯ ದೇವರನ್ನು ನಂಬುವ ಹೊರದೇಶದವರಿಂದಲೇ ಹಿಲ್ಮರ್ ಅವರಿಗೆ ದ್ವೇಷದ ಪತ್ರಗಳು ಬಂದವು. ಅವರು ಅದನ್ನು ಪತ್ರಿಕೆಗಳಿಗೆ ಹೇಳಿದರು. ಸಂಘ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಎಲ್ಲರಿಗೂ ಬಾಗಿಲು ತೆರೆದಿಡಬೇಕಾದರೆ ಆ ಬಾಗಿಲು ಕಾಯುವವರೂ ಬೇಕು. ಈ ಜನ ಅದನ್ನು ಬಲ್ಲವರು.

ಅದೇ 2015ರ ಮಾರ್ಚ್ 20ರಂದು ಓಸ್ಕ್ಯುಹ್ಲೀದ್ ಗುಡ್ಡದಲ್ಲಿ ದೇವಸ್ಥಾನದ ನೆಲವನ್ನು ಪವಿತ್ರಗೊಳಿಸಿದರು. ಗುಡ್ಡದ ಮೈಗೆ ಅಂಟಿಕೊಂಡಂತೆ ಗುಮ್ಮಟದ ಕಟ್ಟಡ, ವಾಸ್ತುಶಿಲ್ಪಿ ಮಾಗ್ನುಸ್ ಯೆನ್ಸನ್. ಅಂದು ಸೂರ್ಯನನ್ನು ಬಹುಪಾಲು ಮುಚ್ಚಿದ ಗ್ರಹಣ. ನಮ್ಮ ಮನೆಯಲ್ಲಾದರೆ ಗ್ರಹಣ ಹಿಡಿದ ಹೊತ್ತಿಗೆ ಯಾರೂ ಶುಭಕಾರ್ಯಕ್ಕೆ ಕೈ ಹಾಕುವುದಿಲ್ಲ. ಇವರು ಆ ಹೊತ್ತನ್ನೇ ಆರಿಸಿಕೊಂಡರು. ಕಟ್ಟಡದ ಕೆಲಸ ಅಂದುಕೊಂಡದ್ದಕ್ಕಿಂತ ಬಹಳ ವರ್ಷ ಎಳೆಯಿತು.

ಸಂಘದಲ್ಲಿ ಶನಿವಾರ ಮಧ್ಯಾಹ್ನ ಕಾಫಿ ಇರುತ್ತದೆ, ಯಾರು ಬೇಕಾದರೂ ಹೋಗಬಹುದು. ಅಮ್ಮನ ಗಾಲಿಕುರ್ಚಿ ತಳ್ಳಿಕೊಂಡು ನಾನು ಮೊದಲ ಸಲ ಹೋದದ್ದು ಅಲ್ಲಿಗೇ. ‘ಕ್ಲೇನಾ’ ಎಂಬ ಕರಿದ ತಿಂಡಿ ಕೊಟ್ಟರು. ಹಿಟ್ಟನ್ನು ವಜ್ರಾಕಾರಕ್ಕೆ ಕತ್ತರಿಸಿ, ನಡುವೆ ಸೀಳಿ, ಒಂದು ತುದಿಯನ್ನು ಆ ಸೀಳಿನೊಳಗೆ ತೂರಿಸಿ ಎಳೆದು ಕರಿಯುತ್ತಾರೆ. ಕಚ್ಚಿದರೆ ಏಲಕ್ಕಿಯ ಪರಿಮಳ! ಉತ್ತರ ಧ್ರುವದ ಪಕ್ಕದಲ್ಲಿ ಏಲಕ್ಕಿ. ನೀನು ಯಾವ ದೇವರನ್ನು ನಂಬುತ್ತೀ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಿನ್ನ ಊರಲ್ಲಿ ಭೂಮಿಯನ್ನು ಕಾಯುವವರು ಯಾರು ಎಂದು ಒಬ್ಬರು ಕೇಳಿದರು. ನಾಗಬನದ ಬಗ್ಗೆ, ದೈವಗಳ ಬಗ್ಗೆ ಹೇಳಿದೆ. ಅವರು ತಮ್ಮ ‘ಲಾಂದ್‌ವೆತ್ತಿರ್’ ಬಗ್ಗೆ ಹೇಳಿದರು: ನಾಡಿನ ನಾಲ್ಕು ದಿಕ್ಕನ್ನು ಕಾಯುವ ಡ್ರ್ಯಾಗನ್, ಹಕ್ಕಿ, ಗೂಳಿ ಮತ್ತು ಬೆಟ್ಟದ ದೈತ್ಯ. ದೇಶದ ಲಾಂಛನದಲ್ಲೂ ಅವು ಇವೆ. ಆ ನೆಲದ ಶಕ್ತಿಗಳು ಬೆಚ್ಚಬಾರದೆಂದು, ದಡ ಕಾಣುವ ಮೊದಲೇ ಹಡಗಿನ ಮೂತಿಯ ಬಾಯ್ದೆರೆದ ತಲೆಯನ್ನು ಕಳಚಿಡಬೇಕು ಎಂದು ಹಳೆಯ ಕಾನೂನಿತ್ತಂತೆ. ಈಗಲೂ ಡಿಸೆಂಬರ್ 1ರಂದು ನಾಲ್ಕೂ ದಿಕ್ಕಿನಲ್ಲಿ ಆ ಶಕ್ತಿಗಳಿಗೆ ಪೂಜೆ ನಡೆಯುತ್ತದೆ.

ಎಲ್ಲವೂ ಸಲೀಸು ಎಂದು ನಾನು ಹೇಳಲಾರೆ. ಮಂತ್ರ, ಪದ್ಯ, ಪಿಸುಮಾತು ಎಲ್ಲ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ. ಪರವೂರಿನವರು ಬಹಳ ಕಾಲ ಬರೀ ಮುಖ ನೋಡುತ್ತಾ ನಿಂತಿರಬೇಕಾಗುತ್ತದೆ. ನಾನು ಎರಡು ವರ್ಷ ಹಾಗೆ ನಿಂತೆ. ಸದಸ್ಯಳೂ ಆಗಲಿಲ್ಲ, ದಾಖಲೆಯಲ್ಲಿ ನಾನು ಇವತ್ತಿಗೂ ಯಾವ ಸಂಘಕ್ಕೂ ಸೇರದವಳು. ಬಾ ಎಂದು ಕರೆದರೇ ಹೊರತು ಸೇರು ಎಂದು ಯಾರೂ ಒತ್ತಾಯಿಸಲಿಲ್ಲ.

ಅಮ್ಮ ಒಂದು ಜನವರಿಯಲ್ಲಿ ಹೋದರು. ಗೋದಿ ಬಂದರು, ಅಮ್ಮನ ಮಾತು ನಡೆಯಿತು. ಏಪ್ರಿಲ್‌ನಲ್ಲಿ ಬೇಸಿಗೆಯ ಮೊದಲ ದಿನದ ಬ್ಲೋತ್‌ಗೆ ಅವರ ಮೊಮ್ಮಗಳು ನನ್ನನ್ನು ಕರೆದಳು. ನಡುವೆ ಬೆಂಕಿ, ಸುತ್ತ ನಾವು, ಉಣ್ಣೆಯ ಸ್ವೆಟರುಗಳ ಮೇಲೆ ಸಣ್ಣಗೆ ಹಿಮ. ಈ ವೃತ್ತದೊಳಗೆ ಯಾರಿಗೂ ಯಾರ ಮೇಲೂ ಹಗೆಯಿಲ್ಲ ಎಂದು ಗೋದಿ ಸಾರಿದರು. ಹೀಗೆ ಶಾಂತಿ ಸಾರಿದ ಮೇಲೇ ಪೂಜೆ. ಆಮೇಲೆ ಹೋರಿಯ ಕೊಂಬಿನಲ್ಲಿ ಪಾನೀಯ ಕೈಯಿಂದ ಕೈಗೆ ಬರತೊಡಗಿತು. ಒಬ್ಬರು ಫ್ರೇಯಳ ಹೆಸರು ಹೇಳಿದರು, ಒಬ್ಬರು ತೀರಿಹೋದ ಅಪ್ಪನ ಹೆಸರು. ಹದಿನಾರರ ಹುಡುಗನೊಬ್ಬ ಏನೂ ಹೇಳದೆ ಕಣ್ಣು ಮುಚ್ಚಿ ನಿಂತು ಮುಂದೆ ದಾಟಿಸಿದ.

ಕೊಂಬು ನನ್ನ ಕೈಗೆ ಬಂತು. ಅಂದುಕೊಂಡದ್ದಕ್ಕಿಂತ ಭಾರ ಇತ್ತು, ಹಿಡಿದ ಕಡೆ ಹಿಂದಿನವರ ಕೈಯ ಬಿಸಿ ಇನ್ನೂ ಆರಿರಲಿಲ್ಲ. ನಾನು ಕುಡಿಯುವವಳಲ್ಲ ಎಂದು ಮೊಮ್ಮಗಳಿಗೆ ಗೊತ್ತು, ನೆಲಕ್ಕೆ ಸ್ವಲ್ಪ ಚೆಲ್ಲು ಸಾಕು ಎಂದು ಕಿವಿಯಲ್ಲಿ ಹೇಳಿದಳು. ಚೆಲ್ಲಿದೆ. ಪುತ್ತೂರಿನಲ್ಲಿ ನಾನಿಲ್ಲದಾಗ ಕಣ್ಣು ಮುಚ್ಚಿದ ನನ್ನ ತಾಯಿಯನ್ನು ನೆನೆದು ‘ಅಮ್ಮ’ ಎಂದೆ. ಪಕ್ಕದಲ್ಲಿದ್ದವಳು ತನ್ನ ಅಜ್ಜಿಯನ್ನು ನೆನೆದು ‘ಅಮ್ಮ’ ಎಂದಳು. ಬೆಂಕಿಯ ಆಚೆ ಬದಿಯಿಂದಲೂ ಒಂದೆರಡು ದನಿಗಳು ಅದೇ ಪದವನ್ನು ಹೇಳಿದವು. ಕೊಂಬನ್ನು ನಾನು ಬಲಗಡೆಯವರಿಗೆ ಕೊಟ್ಟೆ.